ಬಾಗಿಲಿಗೆ ಬೇವು

ಅಫಜಲಪುರ
೧೧ ಫೆಬ್ರುವರಿ ೨೦೨೪

ಮಗಳು ಸಪ್ನಾಳಿಗೆ ದೊಡ್ಡವ್ವನ ಆಶೀರ್ವಾದ.

ನೀನು ಹೇಗಿದ್ದೀ? ಅಮರನಾಥ ಹೇಗಿದ್ದಾನೆ, ಬೇಳೆ ಮಿಲ್ಲಿನ ಧೂಳಿಗೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಸೃಷ್ಟಿ ಹೇಗಿದ್ದಾಳೆ, ಇವತ್ತು ಏನು ಉಂಡಳು? ಖಜೂರಿಯಲ್ಲಿ ನಿನ್ನ ಅವ್ವ ಚಂದಮ್ಮ ಹೇಗಿದ್ದಾಳೆ, ಮೊಣಕಾಲು ಹೇಗಿದೆ? ಅವಳು ನನ್ನ ತಂಗಿಯಾದರೂ ಅವಳ ಸುದ್ದಿಯನ್ನು ನಾನು ನಿನ್ನ ಹತ್ತಿರವೇ ಕೇಳಬೇಕು, ಅದು ನಿನಗೆ ಗೊತ್ತಿದ್ದದ್ದೇ. ಇಲ್ಲಿ ನಾನು, ನನ್ನ ಮಗ ದೌಲತರಾಯ, ಸೊಸೆ, ಮೊಮ್ಮಗ ಕಲ್ಲಿನಾಥ ಎಲ್ಲರೂ ಚೆನ್ನಾಗಿದ್ದೇವೆ.

ಫೋನು ಇರುವಾಗ ದೊಡ್ಡವ್ವ ಕಾಗದ ಯಾಕೆ ಬರೆದಳು ಎಂದು ಕೇಳಬೇಡ. ನಿಮ್ಮಲ್ಲಿರುವುದು ಒಂದೇ ಫೋನು, ಅದು ಸೃಷ್ಟಿಯ ಕೈಯಲ್ಲೇ ಇರುತ್ತದೆ. ಯಾರು ಮಾಡಿದರೂ ಅವಳು ಸ್ಪೀಕರ್ ಹಾಕುತ್ತಾಳೆ. ಐದು ವರ್ಷದ ಕೂಸಿನ ಕಿವಿಗೆ ಬೀಳಬಾರದ ಮಾತು ಈಗ ನಮ್ಮ ನಡುವೆ ಬಹಳ ಇರುತ್ತವೆ. ಮೊನ್ನೆ ನೀನು ಕಲಬುರಗಿಯ ದವಾಖಾನೆಯ ಮೆಟ್ಟಿಲ ಮೇಲೆ ನಿಂತು, "ದೊಡ್ಡವ್ವಾ, ನಿಮ್ಮ ಕಲ್ಲಿನಾಥಗ ಬಂದಿತ್ತಲ್ಲ, ಅದೇ ಬೀಮಾರಿ ನಮ್ಮ ಸೃಷ್ಟಿಗೂ ಬಂದದ" ಎಂದು ಒಂದೇ ಉಸಿರಿನಲ್ಲಿ ಹೇಳಿ ಇಟ್ಟುಬಿಟ್ಟೆ. ನಾನು ಆಗ ಶಾಲೆಯ ಬಿಸಿಯೂಟದ ಸಾರು ತಿರುವುತ್ತಿದ್ದೆ. ಆವತ್ತು ಇನ್ನೂರು ಮಕ್ಕಳು ಉಪ್ಪಿಲ್ಲದ ಸಾರು ಉಂಡರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ, ನನ್ನ ಮುಖ ನೋಡಿದ್ದರೇನೋ.

ಮೊದಲು ಒಂದು ಮಾತು. ಇದು ನೀನು ಏನೋ ಉಣಿಸಿದ್ದರಿಂದ ಬಂದದ್ದಲ್ಲ, ಏನೋ ಉಣಿಸದೆ ಬಿಟ್ಟದ್ದರಿಂದಲೂ ಬಂದದ್ದಲ್ಲ. ಯಾರ ಕಣ್ಣೂ ತಾಗಿಲ್ಲ. ಈ ಮಾತನ್ನು ದಿನಕ್ಕೊಮ್ಮೆ ತೆಗೆದು ಓದಿಕೋ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಎರಡನೆಯದು. ಒಂದು ನೋಟ್‌ಬುಕ್ ಇಟ್ಟುಕೋ. ಯಾವ ದಿನ ಯಾವ ಔಷಧ, ಎಷ್ಟು ಜ್ವರ, ಬಿಳಿ ರಕ್ತಕಣ ಎಷ್ಟು, ಎಲ್ಲ ಬರೆ. ಡಾಕ್ಟರು ಬಂದಾಗ ಕೇಳಬೇಕೆಂದಿದ್ದು ಮರೆತುಹೋಗುತ್ತದೆ. ಅದನ್ನೂ ಬರೆದಿಡು. ನನಗೆ ಬರೆಯಲು ಬಂದದ್ದೇ ಹಾಗೆ. ಕಲ್ಲಿನಾಥನಿಗೆ ಆಗ ಎಂಟು ವರ್ಷ, ಶಾಲೆ ತಪ್ಪಿತ್ತು. ಮಂಚದ ಮೇಲೆ ಕುಳಿತು ತಾನೇ ಮಾಸ್ತರನಾಗಿ ನನಗೆ ಅ ಆ ತಿದ್ದಿಸುತ್ತಿದ್ದ. ತಪ್ಪು ಬರೆದರೆ ಸಲೈನ್ ಇಲ್ಲದ ಕೈಯಿಂದ ಕಿವಿ ಹಿಂಡುತ್ತಿದ್ದ. ಈಗ ಅವನಿಗೆ ಹದಿನಾಲ್ಕು. ಔಷಧ ನಿಂತು ಮೂರು ವರ್ಷವಾಯಿತು. ಧ್ವನಿ ಒಡೆದಿದೆ, ಕಬಡ್ಡಿ ಆಡಿ ಮೊಣಕೈ ಕೆತ್ತಿಸಿಕೊಂಡು ಬರುತ್ತಾನೆ, ಬೈದರೆ ನಗುತ್ತಾನೆ. ಸೃಷ್ಟಿಯದೂ ಹೀಗೇ ಆಗುತ್ತದೆ ಎಂದು ಆಣೆ ಮಾಡಲು ನಾನು ಯಾರು? ಆದರೆ ಆಗುತ್ತದೆ, ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿನ್ನ ದೊಡ್ಡವ್ವ
ಗುರಮ್ಮ


ಕಲಬುರಗಿ, ದವಾಖಾನೆ
೨ ಮಾರ್ಚ್ ೨೦೨೪

ದೊಡ್ಡವ್ವನಿಗೆ ಸಪ್ನಾಳ ಶರಣು.

ನಿನ್ನ ಕಾಗದ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಮೊದಲ ಸುತ್ತಿನ ಔಷಧ ಮುಗಿಯುತ್ತ ಬಂತು. ಇದೇ ಹದಿನೈದಕ್ಕೆ ಮನೆಗೆ ಬಿಡುತ್ತಾರಂತೆ. ಸಂತೋಷಪಡಬೇಕು, ನನಗೆ ಭಯವಾಗುತ್ತಿದೆ.

ಬಿಳಿ ರಕ್ತಕಣ ಬಹಳ ಇಳಿದಿದೆಯಂತೆ. ಸಿಸ್ಟರ್ ಹೇಳಿದ್ದು ಇಷ್ಟು: ಮನೆಗೆ ಜನ ಬರಬಾರದು, ಯಾರೂ ಮುಟ್ಟಬಾರದು, ಹಸಿಯದು ತಿನ್ನಿಸಬಾರದು, ಜ್ವರ ನೂರು ದಾಟಿದರೆ ಕೂಡಲೇ ಹೊರಟು ಬರಬೇಕು. ಸಣ್ಣ ನೆಗಡಿಯೂ ಇವಳಿಗೆ ದೊಡ್ಡದಾಗುತ್ತದೆ.

ನಮ್ಮ ಓಣಿ ನಿನಗೆ ಗೊತ್ತಲ್ಲ. ಬೀಮಾರಿ ಇದ್ದವರನ್ನು ಮಾತಾಡಿಸಲು ಬಾರದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹೋದ ವಾರ ಎರಡು ದಿನಕ್ಕೆ ಜೇವರ್ಗಿಯ ಮನೆಗೆ ಹೋಗಿದ್ದೆವು. ಔಷಧದಿಂದ ಇವಳ ಕೆನ್ನೆ ಉಬ್ಬಿದೆ, ಹಗಲೆಲ್ಲ ಹಸಿವು. ಪಕ್ಕದ ಮನೆಯ ಖಂಡಪ್ಪ ಕಾಕಾ ಬಂದು ಕೆನ್ನೆ ಹಿಂಡಿ, "ಏನಲೇ ಅಮರನಾಥ, ಕೂಸಿಗಿ ರಕ್ತ ಕಮ್ಮಿ ಅಂತಿ. ನೋಡಿದ್ರ ಕುಂಬಳಕಾಯಿ ಆಗ್ಯಾಳ!" ಎಂದರು. ಎದುರು ಮನೆಯ ಪೀರಬಿ ಅಕ್ಕ ಹಿಡಿ ತುಂಬ ಹಸಿ ಕಡಲೆ ಕೊಟ್ಟಳು. ನಾನು ಕಿತ್ತುಕೊಂಡೆ. ಅಕ್ಕನ ಮುಖ ಸಣ್ಣದಾಯಿತು.

ನಾವು ಎಲ್ಲರಿಗೂ "ರಕ್ತ ಕಮ್ಮಿ" ಎಂದಷ್ಟೇ ಹೇಳಿದ್ದೇವೆ. ಅವ್ವನಿಗೂ ಅಷ್ಟೇ. ಇನ್ನೊಂದು ಹೆಸರು ಹೇಳಿದರೆ ಸೆರಗು ಬಾಯಿಗೆ ಹಿಡಿದು ಅಳುತ್ತ ಬರುತ್ತಾರೆ, ಕೂಸು ಎದುರಿಗೇ ಕುಳಿತಿರುವಾಗ. ಅದನ್ನು ನಾನು ತಾಳಲಾರೆ. ಹೇಳದಿದ್ದರೆ ಒಳಗೆ ಬರುತ್ತಾರೆ. ತಡೆದರೆ ಓಣಿಯನ್ನೇ ಕಳೆದುಕೊಳ್ಳುತ್ತೇನೆ. ಎರಡೂವರೆ ವರ್ಷದ ಚಿಕಿತ್ಸೆ, ಓಣಿಯ ಜನ ಇಲ್ಲದೆ ಹೇಗೆ ದಾಟಲಿ?

ನೀನು ಆಗ ಏನು ಮಾಡಿದ್ದೆ?

ಸಪ್ನಾ


ಅಫಜಲಪುರ
೯ ಮಾರ್ಚ್ ೨೦೨೪

ಸಪ್ನಾಳಿಗೆ ಆಶೀರ್ವಾದ.

ಸೃಷ್ಟಿಯ ಬೆನ್ನಿನ ಸೂಜಿ ಸುಸೂತ್ರವಾಗಿ ಆಯಿತೆಂದು ಅಮರನಾಥ ಫೋನಿನಲ್ಲಿ ಹೇಳಿದ. ಅವಳು, "ದೊಡ್ಡಜ್ಜಿ, ನಾ ಅಳಲಿಲ್ಲ, ಅಪ್ಪನೇ ಅತ್ತ" ಎಂದಳು. ಅಮರನಾಥ ಗಂಟಲು ಸರಿಮಾಡಿಕೊಂಡದ್ದು ನನಗೂ ಕೇಳಿಸಿತು.

ನಾನು ಆಗ ಏನು ಮಾಡಿದೆ ಎಂದು ಕೇಳಿದ್ದೀ. ನಾನು ಬಾಗಿಲು ಹಾಕಿದೆ. ಯಾರಿಗೂ ಏನೂ ಹೇಳಲಿಲ್ಲ, ಸುಮ್ಮನೆ ಅಗಳಿ ಹಾಕಿದೆ. ನಿನ್ನ ಅವ್ವ ಖಜೂರಿಯಿಂದ ಎರಡು ಬಸ್ಸು ಬದಲಿಸಿ ಮೊಮ್ಮಗನನ್ನು ನೋಡಲು ಬಂದಳು. ಮೂಗು ಸೋರುತ್ತಿತ್ತು. ಒಳಗೆ ಬಿಡಲಿಲ್ಲ. ಕಿಟಕಿಯಿಂದ "ಇವತ್ತ ಹೋಗು, ಚಂದೂ" ಎಂದೆ. ಅವಳು ಬಿಸಿಲಲ್ಲಿ ಎಷ್ಟು ಹೊತ್ತು ನಿಂತಳೋ ಗೊತ್ತಿಲ್ಲ. ಆಮೇಲೆ ಬರಲಿಲ್ಲ, ಕರೆದಾಗಲೂ ಬರಲಿಲ್ಲ. ದೌಲತರಾಯನ ಹೊಸ ಮನೆಯ ಗೃಹಪ್ರವೇಶಕ್ಕೂ ಬರಲಿಲ್ಲ. ನಾನೂ ಹೋಗಿ ವಿವರ ಹೇಳಲಿಲ್ಲ. ಮೊದಲು ಪುರುಸೊತ್ತು ಇರಲಿಲ್ಲ. ಪುರುಸೊತ್ತು ಸಿಕ್ಕಾಗ ಮುಖ ಇರಲಿಲ್ಲ.

ಹಾಗಾಗಿ ನೀನು ನನ್ನ ಹಾಗೆ ಮಾಡಬೇಡ. ನಾನು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟು.

ನಗಬೇಡ. ಸೊಪ್ಪು ಕಂಡರೆ ಕೂಸಿಗೆ ಅಮ್ಮ ಆಗಿದ್ದಾಳೆ, ಮೈ ಮೇಲೆ ಗುಳ್ಳೆ ಎದ್ದಿದೆ, ಮನೆಯಲ್ಲಿ ತಾಯಿ ಇದ್ದಾಳೆ ಎಂದು ತಿಳಿದು ಯಾರೂ ಹೊಸ್ತಿಲು ದಾಟುವುದಿಲ್ಲ. ನೀನು ಯಾರಿಗೂ ಬರಬೇಡ ಎನ್ನಬೇಕಾಗಿಲ್ಲ. ಯಾರಿಗೂ ಅವಮಾನವಿಲ್ಲ. ಈಗ ಅಮ್ಮನ ಕಾಲವೇ, ಯಾರಿಗೂ ಸಂಶಯ ಬರುವುದಿಲ್ಲ. ರಕ್ತಕಣ ಏರುವ ತನಕ ಒಂಬತ್ತು ದಿನ ಕಳೆದರೆ ಸಾಕು. ಮುಂದಿನದಕ್ಕೆ ಮತ್ತೇನಾದರೂ ಹುಡುಕೋಣ.

ಸುಳ್ಳು ಅನ್ನಿಸಿದರೆ ಅದು ನನ್ನ ತಲೆಯ ಮೇಲಿರಲಿ.

ದೊಡ್ಡವ್ವ ಗುರಮ್ಮ


ಜೇವರ್ಗಿ
೨೫ ಮಾರ್ಚ್ ೨೦೨೪

ದೊಡ್ಡವ್ವನಿಗೆ ಶರಣು.

ಮೊದಲೇ ಹೇಳುತ್ತೇನೆ, ಸೃಷ್ಟಿ ಈ ಹೊತ್ತಿಗೆ ಚೆನ್ನಾಗಿದ್ದಾಳೆ. ಅದನ್ನು ಓದಿದ ಮೇಲೆ ಉಳಿದದ್ದು ಓದು.

ಹದಿನೈದರ ಬದಲು ಇಪ್ಪತ್ತಕ್ಕೆ ಮನೆಗೆ ಬಿಟ್ಟರು, ಆವತ್ತೇ ಬೇವು ಕಟ್ಟಿದೆವು. ಮೂರು ದಿನ ನೀನು ಹೇಳಿದ ಹಾಗೇ ಆಯಿತು. ಜನ ದೂರದಿಂದಲೇ ಕೈಮುಗಿದು ಹೋದರು. ಅಮರನಾಥ, "ನಿಮ್ಮ ದೊಡ್ಡವ್ವ ಕಲೆಕ್ಟರ್ ಆಗಬೇಕಿತ್ತು" ಎಂದ.

ನಾವಿಬ್ಬರೂ ಒಂದು ಮರೆತಿದ್ದೆವು ದೊಡ್ಡವ್ವಾ. ತಾಯಿ ಇದ್ದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ.

ನಿನ್ನೆ ಬೆಳಿಗ್ಗೆ ಸೃಷ್ಟಿ ಸುಸಲಾ ಬೇಕೆಂದು ಹಟ ಹಿಡಿದಳು. ಆ ಔಷಧದ ಹಸಿವು ನಿನಗೆ ಗೊತ್ತು. ನಾನು ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಚಟಪಟ ಅನ್ನಿಸಿ ಮಂಡಕ್ಕಿ ಕಲಸಿದೆ. ಘಮ ಓಣಿ ತುಂಬಿತು. ಕ್ಷಣದಲ್ಲಿ ನಾಲ್ಕು ಹೆಂಗಸರು ಬಾಗಿಲ ಮುಂದೆ.

"ಏ ಸಪ್ನಾ, ತಾಯಿ ಇದ್ದ ಮನ್ಯಾಗ ಒಗ್ಗರಣಿ ಹಾಕ್ತಿ? ತಲಿ ನೆಟ್ಟಗ ಅದೇನು ನಿಂದು?"

"ಆಕಿ ಸಿಟ್ಟ ಓಣಿ ಮ್ಯಾಲ ಬಂದ್ರ ಯಾರು ಹೊಣಿ ಬೇ?"

ಪೀರಬಿ ಅಕ್ಕ ತನ್ನ ಬಾಗಿಲಲ್ಲೇ ನಿಂತು, "ಇರ್ಲಿ ಬಿಡ್ರಿ, ತಾಯಿಗೂ ಮೊಸರನ್ನ ತಿಂದು ತಿಂದು ಬ್ಯಾಸರಾಗಿರ್ಬೇಕು" ಎಂದು ನಕ್ಕಳು. ಅದಕ್ಕೆ ಅವರಿಗೆ ಇನ್ನೂ ಸಿಟ್ಟು ಬಂತು.

ಅಷ್ಟರಲ್ಲಿ ಖಂಡಪ್ಪ ಕಾಕಾ ಬಂದರು. ಹೆಗಲ ಮೇಲೆ ಅವರ ಮೂರು ವರ್ಷದ ಮೊಮ್ಮಗಳು. "ಸಪ್ನಾ, ನಮ್ಮ ಕೂಸಿಗೂ ತಾಯಿ ಬಂದಾಳವಾ. ನಿಮ್ಮನ್ಯಾಗ ಆಕಿ ಮೊದಲೇ ಇದ್ದಾಳ. ಇಬ್ಬರನ್ನೂ ಕೂಡೇ ಕುಂದ್ರಿಸಿ ಬೇವಿನ ನೀರ ಹಾಕೋಣು" ಎಂದು ಮೆಟ್ಟಿಲಿನ ಕಡೆಗೆ ನಡೆದರು. ಕೂಸಿನ ಹಣೆಯ ಮೇಲೆ, ಕತ್ತಿನ ಮೇಲೆ, ಖರೇ ಗುಳ್ಳೆ.

ಎಲ್ಲರನ್ನೂ ದೂರ ಇಡಲು ಕಟ್ಟಿದ ಬೇವು, ಬರಲೇಬಾರದ ಒಬ್ಬರನ್ನು ಕರೆತಂದಿತ್ತು. ಅಮ್ಮ ಆದವರ ಗಾಳಿಯೂ ಈ ಮಕ್ಕಳಿಗೆ ಸೋಕಬಾರದು ಎಂದು ಸಿಸ್ಟರ್ ಎಷ್ಟು ಸಾರಿ ಹೇಳಿದ್ದಳು!

ನಾನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. "ಅಲ್ಲೇ ನಿಂದರ್ರಿ ಕಾಕಾ! ಒಂದ ಹೆಜ್ಜಿ ಮುಂದ ಬರಬ್ಯಾಡ್ರಿ!" ಎಂದು ಕಿರುಚಿದೆ. ಅವರ ಮುಖ ಕೆಂಪಾಯಿತು. "ನಮ್ಮ ಕೂಸು ನಿನಗ ಅಷ್ಟು ಹೊಲಸಾಯ್ತೇನು?" ಎಂದರು. ಅದೇ ಹೊತ್ತಿಗೆ ಯಾರೋ ಜನರ ನಡುವಿನಿಂದ ಕುಂಟುತ್ತ ಬಂದು ಮೆಟ್ಟಿಲ ಮೇಲೆ ಕಾಲಿಟ್ಟರು. ಅವ್ವ! ಮೊಮ್ಮಗಳಿಗೆ ಅಮ್ಮ ಆಗಿದೆಯೆಂದು ಯಾರೋ ಖಜೂರಿಗೆ ಫೋನು ಮಾಡಿದ್ದರಂತೆ. "ಅತ್ತ ಸರಿ ಸಪ್ನಾ, ಅಮ್ಮ ಆದ ಕೂಸನ್ನ ಹೆಂಗ ನೋಡ್ಕೋಬೇಕು ಅಂತ ನಿನಗೇನು ಗೊತ್ತು?" ಎಂದಳು.

ನಾನು ಸರಿಯಲಿಲ್ಲ. ಹೇಳಿಬಿಟ್ಟೆ.

"ಸೃಷ್ಟಿಗಿ ಅಮ್ಮ ಆಗಿಲ್ಲ. ರಕ್ತದ ಕ್ಯಾನ್ಸರ್ ಆಗೇದ. ಔಷಧ ನಡದದ, ಆರಾಮ ಆಗ್ತದ ಅಂತ ಡಾಕ್ಟರ್ ಹೇಳ್ಯಾರ. ಆಕಿದು ನಿಮಗ ಯಾರಿಗೂ ಹತ್ತಲ್ಲ ಕಾಕಾ. ನಿಮ್ಮ ನೆಗಡಿ, ನಿಮ್ಮ ಕೂಸಿನ ಗುಳ್ಳಿ ಆಕಿಗಿ ಹತ್ತತಾವ, ಹತ್ತಿದ್ರ ಜೀವಕ್ಕೇ ಬರ್ತದ. ಅದಕ್ಕ ಬಾಗ್ಲ ಹಾಕೇನಿ. ನಿಮ್ಮ ಮ್ಯಾಲಿನ ಸಿಟ್ಟಿಗಿ ಅಲ್ಲ."

ಒಳಗಿನಿಂದ ಸೃಷ್ಟಿ, "ಅವ್ವಾ, ಸುಸಲಾ ಇನ್ನಷ್ಟ ಹಾಕು ಬೇ!" ಎಂದು ಕೂಗಿದಳು.

ನಾನು ಅವ್ವನನ್ನೇ ನೋಡುತ್ತಿದ್ದೆ ದೊಡ್ಡವ್ವಾ. "ಅದಕ್ಕ ಬಾಗ್ಲ ಹಾಕೇನಿ" ಎಂದಾಗ ಅವಳು ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮತ್ತೊಂದು ಹೆಜ್ಜೆ ಹಿಂದೆ ಹೋದಳು. ಆಮೇಲೆ ತಿರುಗಿ ಖಂಡಪ್ಪ ಕಾಕಾಗೆ, "ಕೇಳಿಸ್ತಿಲ್ಲೇನ್ರಿ? ಕೂಸನ್ನ ಮನಿಗಿ ಕರ್ಕೊಂಡ್ ಹೋಗ್ರಿ. ಬಿಸಿಲಾಗ ಯಾಕ ನಿಲ್ಲಿಸೀರಿ ಪಾಪ?" ಎಂದಳು. ಕಾಕಾ ಹೋದರು.

ದವಾಖಾನೆಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಸಿಕೊಂಡೆ. ಕೂಸು ಹತ್ತು ಹೆಜ್ಜೆ ದೂರದಲ್ಲಿ ಬಯಲಲ್ಲಿತ್ತು, ಆದರೂ ಮೂರು ವಾರ ದಿನಾ ಮೈ ನೋಡಬೇಕು, ಒಂದು ಗುಳ್ಳೆ ಕಂಡರೂ ಓಡಿ ಬರಬೇಕು ಎಂದಿದ್ದಾರೆ. ಇವತ್ತಿಗೆ ಒಂದು ದಿನ.

ಸಪ್ನಾ


ಅಫಜಲಪುರ
೩೦ ಮಾರ್ಚ್ ೨೦೨೪

ಸಪ್ನಾ,

ತಪ್ಪು ನನ್ನದು. ಆ ವಾರ್ಡಿನಲ್ಲಿ ಅಷ್ಟು ತಿಂಗಳು ಕುಳಿತು, ಈ ಮಕ್ಕಳಿಗೆ ಅಮ್ಮನ ಗುಳ್ಳೆ ಎಂಥ ಗಂಡಾಂತರವೆಂದು ನೋಡಿದವಳು ನಾನು. ಜನರ ಮುಖ ಉಳಿಸಲು ಹೋಗಿ ಕೂಸಿನ ಜೀವಕ್ಕೆ ಸಂಚಕಾರ ತಂದೆ. ನೀನು ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ನಾನು ಆರು ವರ್ಷ ಹೇಳಲಾರದೆ ಹೋದೆ.

ನೀನು ಬೈದು ಬರೆದರೂ ಸರಿ. ಆದರೆ ದಿನಾ ಬೆಳಿಗ್ಗೆ ಅಮರನಾಥನ ಕೈಯಿಂದ ಒಂದು ಮಿಸ್ಡ್ ಕಾಲ್ ಕೊಡಿಸು. ಮೈ ಮೇಲೆ ಏನೂ ಇಲ್ಲ ಎಂದು ನಾನು ತಿಳಿದುಕೊಳ್ಳುತ್ತೇನೆ. ಅದು ಬಂದ ಮೇಲೆಯೇ ನಾನು ಒಲೆ ಹಚ್ಚುತ್ತೇನೆ.

ಗುರಮ್ಮ


ಜೇವರ್ಗಿ
೧೮ ಏಪ್ರಿಲ್ ೨೦೨೪

ದೊಡ್ಡವ್ವನಿಗೆ ಶರಣು.

ಮೂರು ವಾರ ದಾಟಿ ಇನ್ನೂ ನಾಲ್ಕು ದಿನವಾಯಿತು. ಒಂದೂ ಗುಳ್ಳೆ ಇಲ್ಲ. ನಿನ್ನೆ ಡಾಕ್ಟರು ಮತ್ತೊಂದು ಸುದ್ದಿ ಹೇಳಿದರು. ಮೊದಲ ಸುತ್ತಿಗೇ ಮೂಳೆಯ ಒಳಗಿನ ಪರೀಕ್ಷೆ ಸ್ವಚ್ಛ ಬಂದಿದೆ. ಹಾಗೆಂದು ಔಷಧ ಬಿಡುವಂತಿಲ್ಲ, ಪೂರಾ ಎರಡೂವರೆ ವರ್ಷ ನಡೆಸಬೇಕು. ಅಮರನಾಥ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಪೇಡಾ ಹಂಚಿದ. ಯಾಕೆಂದು ಕೇಳಿದವರಿಗೆ ಹೇಳಿಯೂ ಹೇಳಿದ, ಬೀಮಾರಿಯ ಹೆಸರು ಸಮೇತ.

ಖಂಡಪ್ಪ ಕಾಕಾನ ಮೊಮ್ಮಗಳು ಆರಾಮಾಗಿದ್ದಾಳೆ. ಕಾಕಾ ಒಂದು ವಾರ ಮುಖ ತಿರುಗಿಸಿದ್ದರು. ಎಂಟನೆಯ ದಿನ ರಸ್ತೆಯ ಆಚೆಯಿಂದ, "ಏ ಕುಂಬಳಕಾಯಿ, ಸುಸಲಾ ಒಬ್ಬಾಕಿನೇ ತಿಂತಿ?" ಎಂದು ಕೂಗಿದರು. ಇವಳು ಕಿಟಕಿಯಿಂದ, "ಬೋಳ್ ತಲಿ ಕಾಕಾ, ನನಗ ಕೂದಲ ಬರ್ತಾವ, ನಿಮಗ ಬರಲ್ಲ" ಎಂದಳು.

ಎಲ್ಲರೂ ಹೀಗೆ ಒಪ್ಪಿದ್ದಾರೆ ಎಂದಲ್ಲ. ಎರಡು ಮನೆಯವರು ನಮ್ಮ ನಲ್ಲಿಯ ನೀರು ಹಿಡಿಯುವುದು ಬಿಟ್ಟಿದ್ದಾರೆ. ಪೀರಬಿ ಅಕ್ಕ ಅವರೆದುರೇ ನಮ್ಮ ಕೊಡದಲ್ಲಿ ನೀರು ಕುಡಿದು ತೋರಿಸಿದಳು. ಮಾತಾಡಿಸಲು ಬಂದವರು ಈಗ ಅವಳ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ, ಸೃಷ್ಟಿ ಕಿಟಕಿಯಲ್ಲಿ. "ಕೊರೊನಾದಾಗ ಎಲ್ಲಾರೂ ಹಿಂಗೇ ಇದ್ದೆವಲ್ಲ, ಹೊಸಾದೇನದ?" ಎನ್ನುತ್ತಾಳೆ ಪೀರಬಿ ಅಕ್ಕ.

ಅವ್ವ ಖಜೂರಿಗೆ ಹಿಂದಿರುಗಲಿಲ್ಲ. ಆವತ್ತು ಪೀರಬಿ ಅಕ್ಕನ ಮನೆಯಲ್ಲೇ ಉಳಿದು, ಮೂರು ದಿನ ತನಗೆ ನೆಗಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಕೈಕಾಲು ತೊಳೆದು ಒಳಗೆ ಬಂದಳು. ಈಗ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಾಳೆ. ಮೊನ್ನೆ ಅಮರನಾಥನನ್ನೇ ತಡೆದಳು: "ಮಿಲ್ಲಿನ ಧೂಳ ತಗೊಂಡ್ ಎಲ್ಲಿ ಹೊಂಟಿ? ಮೊದಲ ಜಳಕ ಮಾಡು ಹೋಗು."

ನಿನ್ನ ಕಾಗದಗಳನ್ನೆಲ್ಲ ಅವ್ವ ನನ್ನಿಂದ ಓದಿಸಿಕೊಂಡಳು. ಮಾರ್ಚ್ ಒಂಬತ್ತರದನ್ನು ಎರಡು ಸಾರಿ. ಎದ್ದು ಹೋಗಿ ಪಾತ್ರೆ ತೊಳೆದಳು, ತೊಳೆದಿಟ್ಟವನ್ನೇ. ಇವತ್ತು ನಾನು ಬರೆಯಲು ಕುಳಿತಾಗ ಹತ್ತಿರ ಬಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಅಕ್ಕಗ ಬರಿ. ಸೃಷ್ಟಿಗಿ ಬಾಯಾಗ ಹುಣ್ಣ ಆಗ್ಯಾವ, ಏನೂ ನುಂಗಾಕ ಆಗವಲ್ದು. ಕಲ್ಲಿನಾಥಗ ಹಿಂಗ ಆದಾಗ ಏನ ಉಣಿಸಿದ್ದಿ ಅಂತ ಕೇಳು. ಡಾಕ್ಟರ್ ಔಷಧ ಕೊಟ್ಟಾರ, ಅದು ಬ್ಯಾರೆ. ಉಣಸೂದು ಕೇಳಾಕತ್ತೇನಿ. ಮತ್ತ... ಇರ್ಲಿ, ಅಷ್ಟೇ ಬರಿ."

ಸಪ್ನಾ


ಅಫಜಲಪುರ
೨೩ ಏಪ್ರಿಲ್ ೨೦೨೪

ತಂಗಿ ಚಂದಮ್ಮಳಿಗೆ ಅಕ್ಕ ಗುರಮ್ಮಳ ಶರಣು.

ನೀನು ಹೇಗಿದ್ದೀ? ಮೊಣಕಾಲು ಹೇಗಿದೆ, ಹಗಲೆಲ್ಲ ಕುರ್ಚಿಯಲ್ಲಿ ಕುಳಿತರೆ ಬಿಗಿಯುವುದಿಲ್ಲವೇ? ಸೃಷ್ಟಿಯ ಬಾಯಿ ಹೇಗಿದೆ? ಸಪ್ನಾಳ ನಿದ್ದೆ, ಅಮರನಾಥನ ಕೆಮ್ಮು, ಪೀರಬಿಯ ಮನೆಯವರು, ಎಲ್ಲ ಆರೋಗ್ಯವೇ?

ಜೋಳದ ನುಚ್ಚನ್ನು ಸಣ್ಣಗೆ ಸೋಸಿ, ಬಹಳ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸು. ಕುದಿಸಿದ ಹಾಲು, ಚಿಟಿಕೆ ಉಪ್ಪು. ಖಾರ ಬೇಡ, ಹುಳಿ ಬೇಡ. ಆರಿ ಉಗುರುಬೆಚ್ಚಗಾದ ಮೇಲೆ ಸಣ್ಣ ಚಮಚದಲ್ಲಿ, ನಾಲಿಗೆಯ ಮಧ್ಯಕ್ಕೆ ಬಿಡು, ಅಂಚಿಗೆ ತಾಗಬಾರದು. ಪ್ರತಿ ಸಾರಿ ಹೊಸದಾಗಿ ಮಾಡು, ಉಳಿದದ್ದನ್ನು ಇಡಬೇಡ. ಕಲ್ಲಿನಾಥ ಹತ್ತು ಚಮಚ ಉಂಡ ದಿನ ನಾನು ಆ ನುಚ್ಚಿನ ಪಾತ್ರೆಗೆ ಕೈಮುಗಿದಿದ್ದೆ. ಡಾಕ್ಟರಿಗೂ ಒಂದು ಮಾತು ಕೇಳಿ ಕೊಡಿ, ನನ್ನ ಬುದ್ಧಿಯನ್ನು ಕೇಳಿ ನೀವು ಒಮ್ಮೆ ಕೆಟ್ಟಿದ್ದೀರಿ.

ನುಚ್ಚಿನ ಮಾತು ಮುಗಿಯಿತು. "ಮತ್ತ" ಎಂದು ನೀನು ಅರ್ಧಕ್ಕೆ ಬಿಟ್ಟದ್ದನ್ನು ಸಪ್ನಾ ಹಾಗೇ ಬರೆದಿದ್ದಾಳೆ. ಆ ಮುಂದಿನದನ್ನು ನಾನೇ ಹೇಳಬೇಕು. ಆವತ್ತು ನಾನು ಬಾಗಿಲ ಒಳಗೆ ಅಗಳಿಯ ಮೇಲೆ ಕೈ ಇಟ್ಟೇ ನಿಂತಿದ್ದೆ, ಚಂದೂ. ನೀನು ಹೋಗುವ ತನಕ. ನಿನ್ನ ಚಪ್ಪಲಿಯ ಸಪ್ಪಳ ರಸ್ತೆಯ ತಿರುವಿಗೆ ನಿಂತು ಮತ್ತೆ ಹೊರಟದ್ದು ಕೇಳಿಸಿತು. ತೆಗೆಯಬೇಕಿತ್ತು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಹೇಳಬೇಕಿತ್ತು.

ಶಾಲೆಗೆ ಬೇಸಿಗೆ ರಜೆ ಬಿಟ್ಟಿದೆ, ಒಲೆಯ ಕೆಲಸವಿಲ್ಲ. ಸೃಷ್ಟಿಯನ್ನು ನೋಡಬೇಕು, ನಿನ್ನನ್ನೂ ನೋಡಬೇಕು. ಕಲ್ಲಿನಾಥನೂ ಬರುತ್ತೇನೆ ಎನ್ನುತ್ತಾನೆ, ತನ್ನ ತಲೆಗೂದಲು ತೋರಿಸಬೇಕಂತೆ. ನಾವು ಒಳಗೆ ಬರುವುದಿಲ್ಲ. ಮುಂಜಾನೆಯ ಬಸ್ಸಿಗೆ ಬಂದು ನಿಮ್ಮ ಬಾಗಿಲ ಮುಂದೆ ನಿಲ್ಲುತ್ತೇವೆ. ನನ್ನ ಮೂಗು ನೋಡು, ಹಣೆ ಮುಟ್ಟಿ ನೋಡು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸು. "ಇವತ್ತ ಹೋಗು ಅಕ್ಕಾ" ಎಂದರೆ ಹೋಗುತ್ತೇನೆ, ಮತ್ತೆ ಬರುತ್ತೇನೆ.

ಸೃಷ್ಟಿಯ ರಕ್ತಕಣ ಏರಿರುವ ಯಾವುದಾದರೂ ಒಂದು ದಿನ ನೋಡಿ, ಸಪ್ನಾಳ ಕೈಯಿಂದ ಎರಡು ಸಾಲು ಬರೆಸು. ಬೇಗ ಬರೆಸು, ನಾನು ಚೀಲ ತುಂಬಿ ಇಟ್ಟುಕೊಂಡು ಕುಳಿತಿದ್ದೇನೆ.

ನಿನ್ನ ಅಕ್ಕ
ಗುರಮ್ಮ